ಕಾರಿನ ರೋಟರಿ ಎಂಜಿನ್‌ನಿಂದ ವಿಮಾನ ಹಾರುತ್ತದೆಯೇ? ಫೆಲಿಕ್ಸ್ ವಾಂಕೆಲ್ ಬದುಕಿನ ನಿಜ ಕತೆ

ಡ್ರೈವಿಂಗ್ ಲೈಸೆನ್ಸೇ ಇಲ್ಲದ ವ್ಯಕ್ತಿಯೊಬ್ಬರು ಕಾರಿನ ಎಂಜಿನ್ ಕಂಡುಹಿಡಿದರು. ಅದರಲ್ಲಿ ಚಲಿಸುವ ಭಾಗಗಳೇ ಇಲ್ಲ. ಅದು ಕೆಡುವುದೇ ಇಲ್ಲ. ಜನ ಅದನ್ನು ಮನೆಯಲ್ಲೇ ಕಟ್ಟಿದ ವಿಮಾನಕ್ಕೆ ಜೋಡಿಸಿ ಹಾರಿಸುತ್ತಾರೆ.

ಈ ನಾಲ್ಕು ಮಾತುಗಳಲ್ಲಿ ಮೊದಲನೆಯದೂ ಕೊನೆಯದೂ ನಿಜ. ನಡುವಿನ ಎರಡು ಸುಳ್ಳು. ಯಾವುದು ಹೇಗೆ ಎಂದು ತಿಳಿಯಲು ಆ ವ್ಯಕ್ತಿಯ ಬದುಕನ್ನೇ ನೋಡೋಣ.

ಕಾಲೇಜು ಮೆಟ್ಟಿಲು ಹತ್ತದ ಎಂಜಿನಿಯರ್

ಫೆಲಿಕ್ಸ್ ವಾಂಕೆಲ್ ಹುಟ್ಟಿದ್ದು 1902ರ ಆಗಸ್ಟ್ 13ರಂದು, ಜರ್ಮನಿಯ ಲಾರ್ ಎಂಬ ಊರಿನಲ್ಲಿ. ತಂದೆ ಅರಣ್ಯಾಧಿಕಾರಿ. ಮೊದಲ ಮಹಾಯುದ್ಧದ ಆರಂಭದಲ್ಲೇ ಅವರು ಮಡಿದರು. ತಾಯಿ ಮತ್ತು ಮಗ ಹೈಡೆಲ್‌ಬರ್ಗ್‌ನಲ್ಲಿ ನೆಲೆಸಿದರು. ವಾಂಕೆಲ್ 1921ರಲ್ಲಿ ಓದು ಬಿಟ್ಟು ಪುಸ್ತಕ ಪ್ರಕಾಶನ ಸಂಸ್ಥೆಯೊಂದರಲ್ಲಿ ಕೆಲಸಕ್ಕೆ ಸೇರಿದರು. ಎಂಜಿನಿಯರಿಂಗ್ ಪದವಿ ಅವರ ಬಳಿ ಇರಲಿಲ್ಲ. ದೃಷ್ಟಿ ಎಷ್ಟು ಮಂದವಾಗಿತ್ತೆಂದರೆ ಜೀವನದಲ್ಲಿ ಎಂದೂ ಡ್ರೈವಿಂಗ್ ಲೈಸೆನ್ಸ್ ಪಡೆಯಲಿಲ್ಲ.

ಆದರೆ ಹದಿಹರೆಯದಿಂದಲೇ ಒಂದು ಯೋಚನೆ ಅವರ ತಲೆ ಹೊಕ್ಕಿತ್ತು. ಸಾಮಾನ್ಯ ಎಂಜಿನ್‌ನಲ್ಲಿ ಪಿಸ್ಟನ್ ಮೇಲೆ ಹೋಗುತ್ತದೆ, ನಿಲ್ಲುತ್ತದೆ, ಕೆಳಗೆ ಬರುತ್ತದೆ, ಮತ್ತೆ ನಿಲ್ಲುತ್ತದೆ. ನಮಗೆ ಬೇಕಿರುವುದು ಚಕ್ರ ತಿರುಗುವುದು ತಾನೇ? ಹಾಗಾದರೆ ಎಂಜಿನ್ ಒಳಗೂ ಎಲ್ಲವೂ ಸುಮ್ಮನೆ ತಿರುಗುತ್ತಲೇ ಇರಬಾರದೇಕೆ? 1924ರಲ್ಲಿ ಸ್ವಂತ ವರ್ಕ್‌ಶಾಪ್ ತೆರೆದ ಅವರು, 1929ರಲ್ಲಿ ಈ ಕುರಿತ ಮೊದಲ ಪೇಟೆಂಟ್ ಪಡೆದರು.

ಬಿಟ್ಟುಬಿಡಬಾರದ ಅಧ್ಯಾಯ

ವಾಂಕೆಲ್‌ರನ್ನು ಬರೀ ಪ್ರತಿಭಾವಂತ ಬಡ ಹುಡುಗನಂತೆ ತೋರಿಸಿದರೆ ಕತೆ ಅರ್ಧವಷ್ಟೇ. ಅವರು 1920ರ ದಶಕದ ಆರಂಭದಲ್ಲೇ ನಾಜಿ ಪಕ್ಷ ಸೇರಿದವರು, ಬಾಡೆನ್ ಪ್ರಾಂತ್ಯದಲ್ಲಿ ನಾಜಿ ಯುವಕರ ಸಂಘಟನೆ ನಡೆಸಿದವರು. ಸ್ಥಳೀಯ ನಾಜಿ ನಾಯಕನ ಭ್ರಷ್ಟಾಚಾರದ ವಿರುದ್ಧ ತಿರುಗಿಬಿದ್ದು 1933ರಲ್ಲಿ ಕೆಲವು ತಿಂಗಳು ಜೈಲಿನಲ್ಲಿದ್ದರು. ಹೊರಗೆ ತಂದದ್ದು ಹಿಟ್ಲರ್‌ನ ಆರ್ಥಿಕ ಸಲಹೆಗಾರ. ನಂತರ ಜರ್ಮನಿಯ ವಿಮಾನಯಾನ ಸಚಿವಾಲಯ ಲಿಂಡೌ ಎಂಬಲ್ಲಿ ಅವರಿಗೆ ವರ್ಕ್‌ಶಾಪ್ ಕಟ್ಟಿಸಿಕೊಟ್ಟಿತು. ಅಲ್ಲಿ ಅವರು ಯುದ್ಧವಿಮಾನಗಳ ಎಂಜಿನ್‌ಗಳಿಗಾಗಿ ತಿರುಗುವ ವಾಲ್ವ್‌ಗಳನ್ನೂ ಅನಿಲ ಸೋರದಂತೆ ತಡೆಯುವ ಸೀಲ್‌ಗಳನ್ನೂ ರೂಪಿಸಿದರು. 1945ರಲ್ಲಿ ಫ್ರೆಂಚ್ ಸೇನೆ ಅವರನ್ನು ಬಂಧಿಸಿ ವರ್ಕ್‌ಶಾಪ್ ಮುಚ್ಚಿಸಿತು.

ಎಂಜಿನ್ ಹುಟ್ಟಿದ್ದು, ಬದಲಾದದ್ದು

1951ರಲ್ಲಿ ಎನ್‌ಎಸ್‌ಯು ಎಂಬ ಜರ್ಮನ್ ಕಂಪನಿ ವಾಂಕೆಲ್ ಜತೆ ಒಪ್ಪಂದ ಮಾಡಿಕೊಂಡಿತು. 1957ರ ಫೆಬ್ರವರಿಯಲ್ಲಿ ಮೊದಲ ಎಂಜಿನ್ ಓಡಿತು. ಅದರಲ್ಲಿ ಒಳಗಿನ ರೋಟರ್ ಮಾತ್ರವಲ್ಲ, ಅದರ ಸುತ್ತಲಿನ ಕವಚವೂ ತಿರುಗುತ್ತಿತ್ತು. ಸ್ಪಾರ್ಕ್ ಪ್ಲಗ್ ಬದಲಿಸಬೇಕೆಂದರೂ ಎಂಜಿನ್ ಬಿಚ್ಚಬೇಕು! ಹಾಗಾಗಿ ಅದೇ ಕಂಪನಿಯ ಎಂಜಿನಿಯರ್ ಹಾನ್ಸ್ ಡೀಟರ್ ಪಾಶ್ಕೆ, ಕವಚ ಸ್ಥಿರವಾಗಿರುವ ಸರಳ ಮಾದರಿ ರೂಪಿಸಿದರು. ವಾಂಕೆಲ್‌ಗೆ ಇದು ಇಷ್ಟವಾಗಲಿಲ್ಲ. ಆದರೆ ಇಂದು ಜಗತ್ತು ವಾಂಕೆಲ್ ಎಂಜಿನ್ ಎಂದು ಕರೆಯುವುದು ಈ ಎರಡನೆಯದನ್ನೇ.

ಇದು ಹೇಗೆ ಕೆಲಸ ಮಾಡುತ್ತದೆ? ಎರಡು ಬೀಜದ ಶೇಂಗಾಕಾಯಿಯ ನಡು ಸ್ವಲ್ಪ ಒಳಸರಿದಿರುತ್ತದಲ್ಲ, ಕವಚದ ಒಳಭಾಗ ಹೆಚ್ಚುಕಡಿಮೆ ಹಾಗೆ. ಅದರೊಳಗೆ ಉಬ್ಬಿದ ಬದಿಗಳ ತ್ರಿಕೋನದಂಥ ರೋಟರ್ ತಿರುಗುತ್ತದೆ. ರೋಟರ್ ಮತ್ತು ಕವಚದ ನಡುವಿನ ಮೂರು ಜಾಗಗಳು ಸರದಿಯಂತೆ ಹಿಗ್ಗಿ ಕುಗ್ಗುತ್ತವೆ. ಇಂಧನ ಎಳೆಯುವುದು, ಒತ್ತುವುದು, ಉರಿಸುವುದು, ಹೊಗೆ ಬಿಡುವುದು ಎಲ್ಲವೂ ಅಲ್ಲೇ ನಡೆಯುತ್ತವೆ. ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ಹಾಗೆಂದು ಚಲಿಸುವ ಭಾಗಗಳೇ ಇಲ್ಲ ಎನ್ನುವುದು ತಪ್ಪು. ರೋಟರ್‌ಗಳು ಮತ್ತು ಶಾಫ್ಟ್ ತಿರುಗುತ್ತಲೇ ಇರುತ್ತವೆ.

ಕೆಡುವುದೇ ಇಲ್ಲವೇ?

ರೋಟರ್‌ನ ಮೂರು ತುದಿಗಳಲ್ಲಿರುವ ಸೀಲ್‌ಗಳು ಕವಚಕ್ಕೆ ಸದಾ ಉಜ್ಜುತ್ತಿರುತ್ತವೆ. ಈ ಎಂಜಿನ್‌ನ ದೊಡ್ಡ ತಲೆನೋವು ಅವೇ. 1967ರಲ್ಲಿ ಬಂದ ಎನ್‌ಎಸ್‌ಯು ಆರ್‌ಒ 80 ಕಾರು ಪ್ರಶಸ್ತಿ ಗೆದ್ದರೂ, ಸೀಲ್ ಸವೆದು ಎಂಜಿನ್ ಬದಲಿಸಿಕೊಡುವುದರಲ್ಲೇ ಕಂಪನಿ ಹೈರಾಣಾಯಿತು. ಅದೇ ವರ್ಷ ಜಪಾನಿನ ಮಾಜ್ದಾ ಕಂಪನಿ ಕಾಸ್ಮೋ ಸ್ಪೋರ್ಟ್ ಕಾರು ತಂದಿತು. ಸೀಲ್ ಸಮಸ್ಯೆಯನ್ನು ಪಟ್ಟು ಹಿಡಿದು ಬಗೆಹರಿಸಿದ್ದು ಮಾಜ್ದಾದ ಎಂಜಿನಿಯರ್‌ಗಳು. ಆದರೆ ಪೆಟ್ರೋಲ್ ಹೆಚ್ಚು ಕುಡಿಯುವ ಗುಣ ಹೋಗಲಿಲ್ಲ. 1973ರ ತೈಲ ಬಿಕ್ಕಟ್ಟಿನ ನಂತರ ಹೆಚ್ಚಿನ ಕಂಪನಿಗಳು ಇದನ್ನು ಕೈಬಿಟ್ಟವು.

ರಸ್ತೆಯಿಂದ ಆಕಾಶಕ್ಕೆ

ಅಮೆರಿಕದಲ್ಲಿ ಹವ್ಯಾಸಿಗಳು ತಾವೇ ವಿಮಾನ ಕಟ್ಟಿ, ತಪಾಸಣೆ ಮಾಡಿಸಿ, ಪ್ರಾಯೋಗಿಕ ವಿಮಾನ ಎಂಬ ವರ್ಗದಲ್ಲಿ ಹಾರಿಸಲು ಕಾನೂನಿನ ಅವಕಾಶವಿದೆ. ಅವರಲ್ಲಿ ಕೆಲವರ ಕಣ್ಣು ಬಿದ್ದದ್ದು ಮಾಜ್ದಾ ಆರ್‌ಎಕ್ಸ್-7 ಕಾರಿನ 13ಬಿ ಎಂಜಿನ್ ಮೇಲೆ. ಅದಕ್ಕೆ ಕಾರಣಗಳಿವೆ. ಅದು ಚಿಕ್ಕದು, ಅದುರುವುದು ಕಡಿಮೆ. ಪ್ರತಿ ರೋಟರ್‌ಗೂ ಎರಡು ಸ್ಪಾರ್ಕ್ ಪ್ಲಗ್ ಇವೆ. ಜತೆಗೆ, ರೋಟರ್ ಕಬ್ಬಿಣದ್ದು, ಅದರ ಸುತ್ತಲಿನ ಕವಚ ಅಲ್ಯೂಮಿನಿಯಂನದು. ಬಿಸಿ ಏರಿದಾಗ ಅಲ್ಯೂಮಿನಿಯಂ ಹೆಚ್ಚು ಹಿಗ್ಗುತ್ತದೆ. ಆದ್ದರಿಂದ ಅತಿಯಾಗಿ ಕಾದಾಗ ಪಿಸ್ಟನ್ ಎಂಜಿನ್ ಜಾಮ್ ಆಗುವಂಥ ಸ್ಥಿತಿಯಲ್ಲೂ ಇದು ಶಕ್ತಿ ಕಳೆದುಕೊಂಡು ಇನ್ನಷ್ಟು ಹೊತ್ತು ತಿರುಗಬಲ್ಲದು. ಆಕಾಶದಲ್ಲಿ ಆ ಕೆಲವು ನಿಮಿಷಗಳೇ ಜೀವ ಉಳಿಸಬಹುದು.

ಆದರೆ ಕಾರಿನಿಂದ ಬಿಚ್ಚಿ ವಿಮಾನಕ್ಕೆ ಕೂರಿಸಿದರೆ ಮುಗಿಯಲಿಲ್ಲ. ಈ ಎಂಜಿನ್ ಶಕ್ತಿ ಕೊಡುವುದು ನಿಮಿಷಕ್ಕೆ ಸುಮಾರು 6000 ಸುತ್ತಿನಲ್ಲಿ. ಪ್ರೊಪೆಲ್ಲರ್ ಅಷ್ಟು ವೇಗವಾಗಿ ತಿರುಗಿದರೆ ಅದರ ತುದಿ ಶಬ್ದದ ವೇಗ ದಾಟಿ ಕೆಲಸಕ್ಕೆ ಬಾರದಂತಾಗುತ್ತದೆ. ಹಾಗಾಗಿ ನಡುವೆ ವೇಗ ತಗ್ಗಿಸುವ ಗೇರ್‌ಬಾಕ್ಸ್ ಬೇಕು. ನೀರು ಮತ್ತು ಆಯಿಲ್ ಎರಡನ್ನೂ ತಂಪು ಮಾಡಲು ದೊಡ್ಡ ರೇಡಿಯೇಟರ್‌ಗಳು ಬೇಕು. ಕೊಳವೆಯಿಂದ ಹೊರಬರುವ ಹೊಗೆ ವಿಪರೀತ ಬಿಸಿ, ಸದ್ದೂ ಜೋರು. ಕಾರಿನ ಎಂಜಿನ್ ಅಳವಡಿಸಿದ ವಿಮಾನಗಳಲ್ಲಿ ತೊಂದರೆ ಬರುವುದು ಹಲವು ಬಾರಿ ಎಂಜಿನ್‌ನ ಒಳಗಲ್ಲ, ಹೀಗೆ ಹೊಸದಾಗಿ ಜೋಡಿಸಿದ ಇಂಧನ, ವಿದ್ಯುತ್, ಗೇರ್ ಮತ್ತು ತಂಪಿನ ವ್ಯವಸ್ಥೆಗಳಲ್ಲಿ.

ಇನ್ನೆರಡು ತಪ್ಪು ಕಲ್ಪನೆಗಳು

ಒಂದು, 1.3 ಲೀಟರ್‌ನ ಈ ಎಂಜಿನ್ 5.2 ಲೀಟರ್‌ನ ವಿಮಾನ ಎಂಜಿನ್‌ನಷ್ಟೇ, ಅಂದರೆ ಸುಮಾರು 160 ಅಶ್ವಶಕ್ತಿ ಕೊಡುವುದು ಪವಾಡ ಎಂಬುದು. ಪವಾಡವೇನಿಲ್ಲ. ಶಾಫ್ಟ್ ಒಂದು ಸುತ್ತು ತಿರುಗುವಷ್ಟರಲ್ಲಿ ಪ್ರತಿ ರೋಟರ್ ಒಮ್ಮೆ ಇಂಧನ ಉರಿಸುತ್ತದೆ. ಸಾಮಾನ್ಯ ಎಂಜಿನ್‌ನ ಸಿಲಿಂಡರ್‌ಗೆ ಎರಡು ಸುತ್ತು ಬೇಕು. ಹಾಗಾಗಿ ಇದನ್ನು 2.6 ಲೀಟರ್ ಎಂಜಿನ್ ಜತೆ ಹೋಲಿಸುವುದೇ ನ್ಯಾಯ. ಉಳಿದ ವ್ಯತ್ಯಾಸ ತುಂಬುವುದು ಅದರ ವೇಗ.

ಎರಡು, ಮೊದಲ ಮಹಾಯುದ್ಧದ ವಿಮಾನಗಳಲ್ಲೂ ಇದೇ ಎಂಜಿನ್ ಇತ್ತು ಎಂಬುದು. ಅವನ್ನೂ ರೋಟರಿ ಎಂದೇ ಕರೆಯುತ್ತಿದ್ದರು. ಆದರೆ ಅವುಗಳಲ್ಲಿದ್ದದ್ದು ಮಾಮೂಲಿ ಪಿಸ್ಟನ್‌ಗಳೇ. ಶಾಫ್ಟ್ ನಿಂತಿರುತ್ತಿತ್ತು, ಸಿಲಿಂಡರ್‌ಗಳೇ ಸುತ್ತುತ್ತಿದ್ದವು. ಹೆಸರು ಒಂದೇ, ಯಂತ್ರ ಬೇರೆ.

ನಮ್ಮೂರಿಗೂ ಬಂತು

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ಮತ್ತು ಡಿಆರ್‌ಡಿಒ ಸಂಸ್ಥೆಗಳು ಸೇರಿ ಸ್ವದೇಶಿ ವಾಂಕೆಲ್ ಎಂಜಿನ್ ರೂಪಿಸಿದವು. ಅದನ್ನು ಅಳವಡಿಸಿದ ನಿಶಾಂತ್ ಎಂಬ ಮಾನವರಹಿತ ವಿಮಾನ 2009ರಲ್ಲಿ ಕೋಲಾರದ ಬಳಿ ಹಾರಿತು.

ವಾಂಕೆಲ್ ತೀರಿಕೊಂಡದ್ದು 1988ರ ಅಕ್ಟೋಬರ್ 9ರಂದು, ಹೈಡೆಲ್‌ಬರ್ಗ್‌ನಲ್ಲಿ. ಆ ಹೊತ್ತಿಗೆ ಅವರಿಗೆ ಗೌರವ ಡಾಕ್ಟರೇಟ್ ಬಂದಿತ್ತು, ಹಣವೂ ಬಂದಿತ್ತು. ಅವರ ಎಂಜಿನ್ ಮಾತ್ರ ಎಲ್ಲ ಕಾರುಗಳನ್ನೂ ಗೆಲ್ಲಲಿಲ್ಲ. ಹಗುರವಾಗಿರುವುದು, ಅದುರದಿರುವುದು ಮುಖ್ಯವಾದ ಕಡೆ ಉಳಿದುಕೊಂಡಿತು.

ಆದ್ದರಿಂದ ಕೆಡದ ಎಂಜಿನ್ ಎಂಬ ಮೆಸೇಜ್ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಯೋಚಿಸಿ. ಕೆಡದ ಎಂಜಿನ್ ಇಲ್ಲ. ಯಾವಾಗ, ಹೇಗೆ ಕೆಡುತ್ತದೆ ಎಂದು ಮೊದಲೇ ತಿಳಿದುಕೊಂಡವರು ಮಾತ್ರ ಅದನ್ನು ನಂಬಿ ಆಕಾಶಕ್ಕೆ ಏರಬಹುದು.