ಕಲ್ಯಾಣದಿಂದ ಉಳವಿಗೆ: ಚೆನ್ನಬಸವಣ್ಣನ ಬದುಕು ಮತ್ತು ಮಲಪ್ರಭೆಯ ದಾರಿ

ಹನ್ನೆರಡನೆಯ ಶತಮಾನದ ಶರಣ ಚಳವಳಿಯ ಚರ್ಚೆ ಸಾಮಾನ್ಯವಾಗಿ ಕಲ್ಯಾಣದಲ್ಲಿ ಆರಂಭವಾಗಿ ಕಲ್ಯಾಣದಲ್ಲಿಯೇ ಮುಗಿದುಹೋಗುತ್ತದೆ. ಅನುಭವಮಂಟಪ, ಹರಳಯ್ಯ–ಮಧುವರಸರ ಪ್ರಕರಣ, ಬಿಜ್ಜಳನ ವಧೆ, ಶರಣರ ಚದುರುವಿಕೆ ಇಷ್ಟಕ್ಕೆ ಕಥನ ನಿಲ್ಲುತ್ತದೆ. ಚದುರಿದವರು ಯಾರ ನಾಡಿನ ಮೂಲಕ ಹೋದರು, ತಮ್ಮೊಡನೆ ಏನನ್ನು ಉಳಿಸಿಕೊಂಡು ಹೋದರು ಎಂದು ಕೇಳತೊಡಗಿದಾಗ ಎದುರಾಗುವ ವ್ಯಕ್ತಿ ಚೆನ್ನಬಸವಣ್ಣ. ಎದುರಾಗುವ ಪ್ರದೇಶ ಇಂದಿನ ಸವದತ್ತಿ, ಬೈಲಹೊಂಗಲ, ಕಿತ್ತೂರುಗಳ ಮಲಪ್ರಭಾ ತೀರ.

ಚೆನ್ನಬಸವಣ್ಣ ಬಸವಣ್ಣನವರ ಅಕ್ಕ ನಾಗಲಾಂಬಿಕೆಯ ಮಗ. ತಂದೆಯ ವಿಷಯದಲ್ಲಿ ಪರಂಪರೆ ಒಂದೇ ಮಾತನ್ನು ಆಡುವುದಿಲ್ಲ. ಕೆಲವೆಡೆ ಶಿವಸ್ವಾಮಿಯ ಹೆಸರು ಬಂದರೆ, ಪುರಾಣಗಳು ಅವನನ್ನು ಪ್ರಸಾದದಿಂದ ಹುಟ್ಟಿದವನೆಂದು ಹೇಳಿ ಲೌಕಿಕ ಪ್ರಶ್ನೆಯನ್ನು ಬದಿಗಿಡುತ್ತವೆ. ಈ ಪ್ರಶ್ನೆಯನ್ನು ಸಂಶೋಧನೆಯ ನೆಲೆಯಲ್ಲಿ ಮತ್ತೆ ಎತ್ತಿದ ಡಾ. ಎಂ.ಎಂ. ಕಲಬುರ್ಗಿಯವರು ತೀವ್ರ ವಿರೋಧವನ್ನು ಎದುರಿಸಿ, 1989ರಲ್ಲಿ ತಮ್ಮ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು. ಹುಟ್ಟಿನಿಂದ ಮನುಷ್ಯನನ್ನು ಅಳೆಯಬಾರದೆಂದು ವಾದಿಸಿದ ಚಳವಳಿಯ ನಾಯಕನೊಬ್ಬನ ಹುಟ್ಟೇ ಎಂಟು ಶತಮಾನಗಳ ಅನಂತರ ಇಂಥ ಸಂಘರ್ಷಕ್ಕೆ ಕಾರಣವಾದುದು ವಿಪರ್ಯಾಸವೇ ಸರಿ.

ಅವನ ವ್ಯಕ್ತಿತ್ವ ಪೂರ್ಣವಾಗಿ ಕಾಣಿಸಿಕೊಳ್ಳುವುದು ಶೂನ್ಯಸಂಪಾದನೆಗಳಲ್ಲಿ. ವಯಸ್ಸಿನಲ್ಲಿ ಕಿರಿಯನಾದರೂ ಅಲ್ಲಿ ಅವನ ಮಾತಿಗೆ ಹಿರಿಯರ ಮಾತಿನಷ್ಟೇ ತೂಕ. ಸೊನ್ನಲಿಗೆಯ ಸಿದ್ಧರಾಮ ಕೆರೆ ಕಟ್ಟಿಸಿ, ಗುಡಿ ಕಟ್ಟಿಸಿ ನಾಡಿನಲ್ಲೆಲ್ಲ ಹೆಸರಾದ ಯೋಗಿ. ಅಂಥವನು ಇಷ್ಟಲಿಂಗದ ಅಗತ್ಯವನ್ನು ಒಪ್ಪದೆ ವಾದಿಸುತ್ತಾನೆ. ಚೆನ್ನಬಸವಣ್ಣ ಒಂದೊಂದೇ ಆಕ್ಷೇಪಕ್ಕೆ ಉತ್ತರ ಕೊಡುತ್ತಾನೆ. ಕೊನೆಗೆ ಆ ಹಿರಿಯ ಯೋಗಿ ಈ ಕಿರಿಯನಿಂದ ದೀಕ್ಷೆ ಪಡೆಯುತ್ತಾನೆ. ಈ ಸಂವಾದ ನಡೆದದ್ದು ಹೀಗೆಯೇ ಎಂದು ಹೇಳುವಂತಿಲ್ಲ, ಏಕೆಂದರೆ ಶೂನ್ಯಸಂಪಾದನೆಗಳು ಹದಿನೈದನೆಯ ಶತಮಾನ ಮತ್ತು ಅದರ ಅನಂತರದವು. ಆದರೆ ವಯಸ್ಸು, ಕೀರ್ತಿ, ಕುಲ ಇವು ಯಾವುವೂ ವಾದದ ಗೆಲುವನ್ನು ನಿರ್ಧರಿಸದಂಥ ಸಭೆಯೊಂದನ್ನು ಆ ಪರಂಪರೆ ತನ್ನ ನೆನಪಿನಲ್ಲಿ ಉಳಿಸಿಕೊಂಡಿತು ಎಂಬುದಂತೂ ನಿಶ್ಚಿತ.

ಅಂಥ ಸಭೆಯನ್ನು ಸಹಿಸದ ವ್ಯವಸ್ಥೆಯ ಸ್ವರೂಪವನ್ನು ಸರಿಯಾಗಿ ಗ್ರಹಿಸಬೇಕು. ಕಲಚುರಿಗಳ ಲಾಂಛನವೇ ವೃಷಭ. ಆದ್ದರಿಂದ ಬಿಜ್ಜಳ ಮತ್ತು ಶರಣರ ಸಂಘರ್ಷವನ್ನು ಮತಗಳ ನಡುವಣ ಜಗಳವೆಂದು ಓದುವುದು ಸಾಲದು. ಅರಸನು ಯಾವ ದೇವರನ್ನು ಪೂಜಿಸಿದರೂ ವರ್ಣಧರ್ಮವನ್ನು ಕಾಯುವುದು ಅವನ ಕರ್ತವ್ಯವೆಂದು ಶಾಸ್ತ್ರ ವಿಧಿಸಿತ್ತು. ಬ್ರಾಹ್ಮಣ ಮೂಲದ ಮಧುವರಸನ ಮಗಳು ಸಮಗಾರ ಹರಳಯ್ಯನ ಮಗನನ್ನು ವರಿಸಿದಾಗ ಅರಮನೆಗೆ ದೂರು ಹೋದದ್ದು ಆ ಶಾಸ್ತ್ರದ ಹೆಸರಿನಲ್ಲಿಯೇ. ಬೀಗರಿಬ್ಬರಿಗೂ ಎಳೆಹೂಟೆಯ ಶಿಕ್ಷೆಯಾಯಿತೆಂದು ಪುರಾಣಗಳು ಹೇಳುತ್ತವೆ. ಬಸವಣ್ಣ ಕೂಡಲಸಂಗಮಕ್ಕೆ ತೆರಳಿದ, ಬಿಜ್ಜಳ ಹತನಾದ. ಈ ಘಟನೆಗಳ ಕಾಲ 1167–68 ಎಂಬುದು ಸಾಮಾನ್ಯ ಅಭಿಪ್ರಾಯ.

ಉಳಿದವರನ್ನು ಮುನ್ನಡೆಸುವ ಹೊಣೆ ಚೆನ್ನಬಸವಣ್ಣನ ಮೇಲೆ ಬಿತ್ತು. ಅವನ ಜೊತೆ ತಾಯಿ ನಾಗಲಾಂಬಿಕೆ ಇದ್ದಳು, ಬಸವಣ್ಣನ ಪತ್ನಿ ಗಂಗಾಂಬಿಕೆ ಇದ್ದಳು, ಡೋಹರ ಕಕ್ಕಯ್ಯನಂಥ ಕಾಯಕಜೀವಿಗಳಿದ್ದರು. ಪರಂಪರೆಯ ಪ್ರಕಾರ ವಚನದ ಕಟ್ಟುಗಳೂ ಇದ್ದವು. ಬೆನ್ನ ಹಿಂದೆ ಕಲಚುರಿ ಸೈನ್ಯ. ಮುಂದಿದ್ದುದು ಸುಗಂಧವರ್ತಿಯ, ಎಂದರೆ ಸವದತ್ತಿಯ, ರಟ್ಟರ ನಾಡು. ಅದರಾಚೆ ಗೋವೆಯ ಕದಂಬರ ಪಲಸಿಗೆ ನಾಡು. ಕಲಚುರಿಗಳ ಹಿಡಿತ ಸಡಿಲವಾಗುವ ಅಂಚು ಅದು. ಉಳವಿಯ ಆಯ್ಕೆಗೆ ಕಾಡಿನ ಮರೆಯಷ್ಟೇ ಕಾರಣವಲ್ಲ, ಈ ರಾಜಕೀಯ ಭೂಗೋಳವೂ ಕಾರಣವಾಗಿರಬೇಕು.

ಈ ದಾರಿಯ ದಾಖಲೆ ಶಾಸನಗಳಲ್ಲಿಲ್ಲ, ಊರುಗಳ ನೆನಪಿನಲ್ಲಿದೆ. ಮುರಗೋಡದ ಸುತ್ತ ಶರಣರ ಹೆಜ್ಜೆಯ ಐತಿಹ್ಯಗಳಿವೆ. ಮಲಪ್ರಭೆಯ ದಂಡೆಯ ಕಾದರವಳ್ಳಿಯಲ್ಲಿ ಶರಣರು ತಿರುಗಿ ನಿಂತು ಕಾದಿದರೆಂದೂ ಊರಿನ ಹೆಸರೇ ಅದರಿಂದ ಬಂದಿತೆಂದೂ ಜನ ಹೇಳುತ್ತಾರೆ. ಈ ನಿಷ್ಪತ್ತಿಯನ್ನು ಭಾಷಾಶಾಸ್ತ್ರ ಒಪ್ಪಲಿ, ಬಿಡಲಿ, ಕಾಳಗದ ನೆನಪನ್ನು ಊರು ತನ್ನ ಹೆಸರಿಗೇ ಕಟ್ಟಿಕೊಂಡಿರುವುದು ಸಣ್ಣ ಸಂಗತಿಯಲ್ಲ. ಗಂಗಾಂಬಿಕೆ ಮುಗುಟಖಾನ ಹುಬ್ಬಳ್ಳಿಯವರೆಗೆ ಮಾತ್ರ ಬಂದಳು. ಅವಳ ಐಕ್ಯಸ್ಥಳ ಅಲ್ಲಿಯ ಹೊಳೆಯಲ್ಲಿಯೇ ಇದೆ. ಕಕ್ಕಯ್ಯ ಕಕ್ಕೇರಿಯಲ್ಲಿ ಕೊನೆಯುಸಿರೆಳೆದ. ಕಿತ್ತೂರಿನ ಹತ್ತಿರದ ದೇಗಾಂವಿಯಲ್ಲಿ ಕದಂಬ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ ಕಮಲನಾರಾಯಣ ಗುಡಿಯನ್ನು ಕಟ್ಟಿಸಿ ಬ್ರಾಹ್ಮಣರಿಗೆ ಅಗ್ರಹಾರ ಬಿಟ್ಟದ್ದು ಇದೇ ದಶಕದಲ್ಲಿ. ಅಲ್ಲಿಯ ಶಾಸನದ ಕಾಲ 1174. ಶರಣರು ತಪ್ಪಿಸಿಕೊಂಡದ್ದು ಒಬ್ಬ ಅರಸನಿಂದಲೇ ಹೊರತು ಆ ಸಮಾಜವ್ಯವಸ್ಥೆಯಿಂದಲ್ಲ. ಅದು ದಾರಿಯ ಉದ್ದಕ್ಕೂ ಅವರ ಎದುರಿಗೇ ಇತ್ತು.

ಷಟ್ಸ್ಥಲ ಸಿದ್ಧಾಂತಕ್ಕೆ ಖಚಿತ ರೂಪ ಕೊಟ್ಟವನು ಚೆನ್ನಬಸವಣ್ಣ. ಅವನ ಹೆಸರಿನಲ್ಲಿ ದೊರೆತಿರುವ 1,700ಕ್ಕೂ ಹೆಚ್ಚು ವಚನಗಳಲ್ಲಿ ಬಹುಪಾಲು ಆಚಾರ, ಸ್ಥಲ, ಅರ್ಪಣಗಳ ವಿವರಣೆಗೆ ಮೀಸಲು. ಬಸವಣ್ಣನ ಅಳಲಾಗಲಿ ಅಲ್ಲಮನ ಬೆಡಗಾಗಲಿ ಇಲ್ಲಿ ವಿರಳ. ಹೀಗಾಗಿ ಸಾಹಿತ್ಯ ವಿಮರ್ಶೆ ಅವನನ್ನು ಶಾಸ್ತ್ರಕಾರನೆಂದು ಗೌರವಿಸಿ ದೂರವಿಟ್ಟಿದೆ. ಮುಕ್ತ ಸಂವಾದವಾಗಿದ್ದ ಚಳವಳಿಯನ್ನು ನಿಯಮಗಳ ಚೌಕಟ್ಟಿಗೆ ತಂದನೆಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಮುಂದೆ ಆ ಚೌಕಟ್ಟೇ ಬಿಗಿಯಾಗಿ ಪ್ರಶ್ನೆ ಕೇಳಿದವರನ್ನು ಹೊರಗಿಟ್ಟ ಸಂದರ್ಭಗಳೂ ಇವೆ. ಆದರೆ ಮಂಟಪ ಕಳೆದುಹೋದ ಸಮುದಾಯಕ್ಕೆ ಸೇರುವ ಜಾಗವಿರಲಿಲ್ಲ. ಅಂಗೈಯ ಲಿಂಗ, ದಿನದ ಆಚಾರ, ನೆನಪಿನಲ್ಲಿ ಉಳಿಯುವ ಆರು ಸ್ಥಲಗಳು ಹೊತ್ತೊಯ್ಯಬಹುದಾದವು. ಅವನ ವಚನಗಳ ಶುಷ್ಕತೆಯನ್ನು ಈ ಅಗತ್ಯದಿಂದ ಬೇರ್ಪಡಿಸಿ ಓದುವುದು ನ್ಯಾಯವಲ್ಲ.

ಉಳವಿಯಲ್ಲಿ ಅವನು ಬಹುಕಾಲ ಬದುಕಲಿಲ್ಲ. ಚಿಕ್ಕ ವಯಸ್ಸಿನಲ್ಲಿಯೇ ಲಿಂಗೈಕ್ಯನಾದನೆಂದು ಪರಂಪರೆ ಹೇಳುತ್ತದೆ. ನಾಗಲಾಂಬಿಕೆ ಮಗನನ್ನು ಕಳೆದುಕೊಂಡು ದಕ್ಷಿಣಕ್ಕೆ ನಡೆದು ತರೀಕೆರೆಯ ಸೀಮೆ ಸೇರಿದಳು. 1584ರಲ್ಲಿ ವಿರೂಪಾಕ್ಷ ಪಂಡಿತ ಚೆನ್ನಬಸವಪುರಾಣವನ್ನು ಬರೆಯುವ ಹೊತ್ತಿಗೆ ಅವನು ಪೂರ್ಣವಾಗಿ ಅವತಾರಪುರುಷನಾಗಿದ್ದ. ಬೈಲಹೊಂಗಲ, ಸವದತ್ತಿ ಸೀಮೆಯ ಒಕ್ಕಲಿಗರು ಮಾತ್ರ ಅವನನ್ನು ದಾರಿ ನಡೆದವನೆಂದೇ ನೆನೆಯುತ್ತಾರೆ; ಮಾಘ ಮಾಸ ಬಂತೆಂದರೆ ಎತ್ತುಗಳನ್ನು ಸಿಂಗರಿಸಿ, ಚಕ್ಕಡಿ ಹೂಡಿ ಅವರು ಉಳವಿಯ ಜಾತ್ರೆಗೆ ಹೊರಡುತ್ತಾರೆ.