ಶಿಶುಗಳ ಬಂಧು ಡಾಕ್ಟರ್ ಜೋಸೆಫೀನ್ ಬೇಕರ್

ರೋಗ ಬಂದ ಮೇಲೆ ಮದ್ದು ಕೊಟ್ಟು ಉಳಿಸಿದ ವೈದ್ಯರನ್ನು ಲೋಕವು ನೆನೆಯುತ್ತದೆ. ರೋಗವೇ ಬಾರದಂತೆ ನೋಡಿಕೊಂಡವರನ್ನು ನೆನೆಯುವವರು ವಿರಳ. ಏಕೆಂದರೆ, ಹಾಗೆ ಉಳಿದುಕೊಂಡವರಿಗೆ ತಮ್ಮ ಜೀವಕ್ಕೆ ಅಪಾಯವಿದ್ದಿತೆಂಬುದೇ ತಿಳಿದಿರುವುದಿಲ್ಲ. ಅಂಥ ಮರೆಯ ಉಪಕಾರಿಗಳಲ್ಲಿ ಅಮೆರಿಕದ ವೈದ್ಯೆ ಸಾರಾ ಜೋಸೆಫೀನ್ ಬೇಕರ್ ಅವರು ಅಗ್ರಗಣ್ಯರು.

ಇವರು ೧೮೭೩ರ ನವೆಂಬರ್ ೧೫ರಂದು ನ್ಯೂಯಾರ್ಕ್ ಸಂಸ್ಥಾನದ ಪೊಕೀಪ್ಸಿ ಎಂಬ ಊರಿನಲ್ಲಿ ಜನಿಸಿದರು. ಅನುಕೂಲಸ್ಥರ ಮನೆತನ. ಆದರೆ ಹದಿನಾರನೆಯ ವಯಸ್ಸಿನಲ್ಲಿ ತಂದೆಯು ವಿಷಮಶೀತಜ್ವರಕ್ಕೆ ತುತ್ತಾದುದರಿಂದ ಮನೆಯ ಆಧಾರವೇ ಕಳಚಿತು. ಹೆಸರಾಂತ ವಾಸರ್ ಕಾಲೇಜಿನಲ್ಲಿ ಓದಬೇಕೆಂಬ ಆಸೆಯನ್ನು ಬಿಡಬೇಕಾಯಿತು. ದುಡಿದು ಮನೆ ನಡೆಸಬೇಕಾದ ಆ ಹುಡುಗಿಯು ವೈದ್ಯಳಾಗುವೆನೆಂದಾಗ ಬಂಧುಗಳು ಒಪ್ಪಲಿಲ್ಲ. ಆದರೂ ಛಲ ಬಿಡದೆ ನ್ಯೂಯಾರ್ಕಿನ ಮಹಿಳಾ ವೈದ್ಯಕೀಯ ಕಾಲೇಜನ್ನು ಸೇರಿ, ೧೮೯೮ರಲ್ಲಿ ಪದವಿ ಪಡೆದರು. ಬಾಸ್ಟನ್ನಿನ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಯಲ್ಲಿ ತರಬೇತಿ ಮುಗಿಸಿ ನ್ಯೂಯಾರ್ಕಿನಲ್ಲಿ ವೃತ್ತಿ ಆರಂಭಿಸಿದರು. ವರಮಾನ ಸಾಲದೆ, ೧೯೦೧ರಲ್ಲಿ ನಗರದ ಆರೋಗ್ಯ ಇಲಾಖೆಯಲ್ಲಿ ವೈದ್ಯಕೀಯ ಪರೀಕ್ಷಕರ ಕೆಲಸಕ್ಕೆ ಸೇರಿದರು.

ಅವರ ಪಾಲಿಗೆ ಬಂದುದು ಹೆಲ್ಸ್ ಕಿಚನ್, ಎಂದರೆ ನರಕದ ಅಡಿಗೆಮನೆ ಎಂಬ ಹೆಸರಿನ ಕೇರಿ. ಹೊರದೇಶಗಳಿಂದ ಬಂದ ಕೂಲಿಜನರು ಗಾಳಿಬೆಳಕಿಲ್ಲದ ಎತ್ತರದ ವಠಾರಗಳಲ್ಲಿ ಕಿಕ್ಕಿರಿದು ವಾಸಿಸುತ್ತಿದ್ದರು. ಬೇಸಿಗೆ ಬಂದರೆ ಹಾಲು ಕೆಟ್ಟು, ನೊಣ ಹೆಚ್ಚಿ, ವಾಂತಿಭೇದಿಯಿಂದ ಕೂಸುಗಳು ಸಾಲುಸಾಲಾಗಿ ಸಾಯುತ್ತಿದ್ದವು. ಬೇಕರ್ ಅವರು ಮೆಟ್ಟಿಲು ಮೆಟ್ಟಿಲು ಹತ್ತಿ ಕಾಯಿಲೆಯ ಮಕ್ಕಳನ್ನು ಹುಡುಕುತ್ತಿದ್ದರು. ಸಿಕ್ಕುವ ಹೊತ್ತಿಗೆ ಮಗು ಕೈಮೀರಿರುತ್ತಿತ್ತು. ತಾಯಂದಿರೋ ಬೇಸಿಗೆಯಲ್ಲಿ ಮಕ್ಕಳು ಸಾಯುವುದು ಸಹಜವೆಂದು ನಂಬಿ ಸುಮ್ಮನಿರುತ್ತಿದ್ದರು.

ಇದನ್ನು ಓದಿದಾಗ ನನಗೆ ನಮ್ಮ ಮನೆಯ ಮಾತೇ ನೆನಪಾಯಿತು. ನನಗಿಂತ ಮೊದಲು ಹುಟ್ಟಿದ ಕೂಸೊಂದು ವಾಂತಿಭೇದಿಯಿಂದ ತೀರಿಕೊಂಡಿತು. ಆಸ್ಪತ್ರೆಗೆ ಎತ್ತಿಕೊಂಡು ಹೋಗುವಷ್ಟರಲ್ಲಿ ಹೊತ್ತು ಮೀರಿತ್ತಂತೆ. ಅದು ಹಣೆಬರಹವೆಂದೇ ನಮ್ಮ ಅಮ್ಮ ಇಂದಿಗೂ ಹೇಳುತ್ತಾಳೆ.

ಬೇಕರ್ ಅವರು ಹಣೆಬರಹವೆಂದು ಒಪ್ಪಲಿಲ್ಲ. ಕಾಯಿಲೆಯ ಮಗುವನ್ನು ಹುಡುಕುವುದರ ಬದಲು ಆರೋಗ್ಯವಾಗಿರುವ ಮಗುವಿನ ಮನೆಗೇ ಏಕೆ ಹೋಗಬಾರದು ಎಂದು ಯೋಚಿಸಿದರು. ೧೯೦೮ರ ಬೇಸಿಗೆಯಲ್ಲಿ ಶಾಲೆಗಳಿಗೆ ರಜೆಯಿದ್ದುದರಿಂದ ಶಾಲಾ ದಾದಿಯರಿಗೆ ಬಿಡುವಿತ್ತು. ಅವರಲ್ಲಿ ಮೂವತ್ತು ಮಂದಿಯನ್ನು ಕೂಡಿಸಿಕೊಂಡು, ಬಡವರೇ ತುಂಬಿದ್ದ ಪೂರ್ವಭಾಗದ ಒಂದು ಕೇರಿಯನ್ನು ಆರಿಸಿಕೊಂಡರು. ಜನನದ ದಾಖಲೆಯಿಂದ ಹೊಸ ಕೂಸುಗಳ ವಿಳಾಸ ದಿನವೂ ದೊರೆಯುತ್ತಿತ್ತು. ಒಡನೆಯೇ ದಾದಿಯು ಆ ಮನೆಗೆ ಹೋಗಿ ಬಾಣಂತಿಗೆ ತಿಳಿವಳಿಕೆ ಹೇಳುತ್ತಿದ್ದಳು: ಎದೆಹಾಲನ್ನೇ ಕೊಡಬೇಕು, ಕಿಟಕಿ ತೆರೆದಿರಬೇಕು, ದಿನವೂ ಮೀಯಿಸಬೇಕು, ಸೆಕೆಯಲ್ಲಿ ದಪ್ಪಬಟ್ಟೆ ಸುತ್ತಬಾರದು. ಇಷ್ಟೇ. ಇದರಲ್ಲಿ ದುಬಾರಿ ಔಷಧವೇನೂ ಇರಲಿಲ್ಲ. ಬೇಸಿಗೆ ಕಳೆದ ಮೇಲೆ ಲೆಕ್ಕ ನೋಡಿದರೆ, ಹಿಂದಿನ ವರ್ಷಕ್ಕಿಂತ ೧೨೦೦ ಶಿಶುಮರಣಗಳು ಆ ಕೇರಿಯಲ್ಲಿ ಕಡಮೆಯಾಗಿದ್ದವು!

ಅದೇ ವರ್ಷ ನಗರದಲ್ಲಿ ಶಿಶು ಆರೋಗ್ಯ ವಿಭಾಗವು ಸ್ಥಾಪನೆಯಾಗಿ, ಬೇಕರ್ ಅವರೇ ಅದರ ಮುಖ್ಯಸ್ಥರಾದರು. ಶುದ್ಧವಾದ ಹಾಲಿನ ಕೇಂದ್ರಗಳು ತೆರೆದವು. ಸೂಲಗಿತ್ತಿಯರಿಗೆ ತರಬೇತಿ, ಪರವಾನಗಿಗಳು ಬಂದವು. ತಾಯಂದಿರು ಕೂಲಿಗೆ ಹೋದಾಗ ತಮ್ಮತಂಗಿಯರನ್ನು ಎತ್ತಿ ಆಡಿಸುವವರು ಅಕ್ಕಂದಿರೇ ಎಂಬುದನ್ನರಿತು, ಹನ್ನೆರಡು ವರ್ಷ ದಾಟಿದ ಹುಡುಗಿಯರಿಗಾಗಿ ಪುಟ್ಟ ತಾಯಂದಿರ ಸಂಘಗಳನ್ನು ಕಟ್ಟಿ ಶಿಶುಪಾಲನೆಯನ್ನು ಕಲಿಸಿದರು.

ಇನ್ನೊಂದು ಸಂಗತಿಯು ವಿಚಾರಾರ್ಹವಾದುದು. ಅನಾಥ ಶಿಶುಗಳನ್ನು ಆಸ್ಪತ್ರೆಗಳಲ್ಲಿಟ್ಟು ಸಾಕುತ್ತಿದ್ದರು. ಶುಭ್ರವಾದ ಹಾಸಿಗೆ, ವೈದ್ಯರು, ದಾದಿಯರು ಎಲ್ಲ ಇದ್ದರೂ ಅವು ಬಾಡಿ ಸಾಯುತ್ತಿದ್ದವು. ಬೇಕರ್ ಅವರು ಅಂಥ ಶಿಶುಗಳನ್ನು ವಠಾರದ ಬಡ ತಾಯಂದಿರ ಮಡಿಲಿಗೆ ಒಪ್ಪಿಸಿ, ಸಾಕುವ ವೆಚ್ಚ ಕೊಡಿಸಿದರು. ಎಷ್ಟೋ ಕೂಸುಗಳು ಚೇತರಿಸಿಕೊಂಡವು. ಬಡತನವು ಮಗುವನ್ನು ಕೊಲ್ಲಬಲ್ಲುದು ನಿಜ. ಆದರೆ ಬಡವಳ ತೋಳಿಗೆ ಸಮನಾದ ಆಸ್ಪತ್ರೆಯೂ ಇಲ್ಲವೆಂಬುದು ಇದರಿಂದ ತಿಳಿಯಿತು.

ವಿರೋಧಕ್ಕೂ ಕೊರತೆಯಿರಲಿಲ್ಲ. ಮಕ್ಕಳು ಕಾಯಿಲೆ ಬೀಳದೆ ತಮ್ಮ ಸಂಪಾದನೆ ಕೆಡುತ್ತಿದೆಯೆಂದು ಬ್ರೂಕ್ಲಿನ್ನಿನ ಕೆಲವು ವೈದ್ಯರು ನಗರಾಧ್ಯಕ್ಷರಿಗೆ ಮನವಿ ಬರೆದರು! ಅದನ್ನು ಬೇಕರ್ ಅವರು ತಮ್ಮ ಕೆಲಸಕ್ಕೆ ದೊರೆತ ಪ್ರಶಸ್ತಿಯೆಂದೇ ಎಣಿಸಿದರು. ನ್ಯೂಯಾರ್ಕ್ ವಿಶ್ವವಿದ್ಯಾನಿಲಯವು ಉಪನ್ಯಾಸಕ್ಕೆ ಕರೆದಾಗ, ತನ್ನನ್ನು ವಿದ್ಯಾರ್ಥಿನಿಯಾಗಿಯೂ ಸೇರಿಸಿಕೊಳ್ಳಬೇಕೆಂದು ಷರತ್ತು ಹಾಕಿದರು. ಹೆಂಗಸರಿಗೆ ಆ ವ್ಯಾಸಂಗಕ್ಕೆ ಪ್ರವೇಶವಿರಲಿಲ್ಲ. ಅಧಿಕಾರಿಗಳು ಮೊದಲು ನಿರಾಕರಿಸಿ ಕಡೆಗೆ ಮಣಿದರು. ೧೯೧೭ರಲ್ಲಿ ಅಲ್ಲಿಂದಲೇ ಸಾರ್ವಜನಿಕ ಆರೋಗ್ಯದ ಡಾಕ್ಟರೇಟನ್ನು ಪಡೆದರು.

೧೯೦೮ರಲ್ಲಿ ನ್ಯೂಯಾರ್ಕಿನಲ್ಲಿ ಸಾವಿರ ಶಿಶುಗಳು ಹುಟ್ಟಿದರೆ ವರ್ಷ ತುಂಬುವುದರೊಳಗೆ ೧೪೪ ತೀರಿಕೊಳ್ಳುತ್ತಿದ್ದವು. ಬೇಕರ್ ಅವರು ನಿವೃತ್ತರಾದ ೧೯೨೩ರಲ್ಲಿ ಆ ಸಂಖ್ಯೆಯು ೬೬ಕ್ಕೆ ಇಳಿದಿತ್ತು. ೧೯೪೫ರ ಫೆಬ್ರವರಿ ೨೨ರಂದು ಅವರು ಕಾಲವಾದರು.

ಆ ಸಾವು ಹಣೆಬರಹವಲ್ಲವೆಂದು ಅಮ್ಮನಿಗೆ ತಿಳಿಸಲು ನನಗೆ ಇನ್ನೂ ಧೈರ್ಯ ಸಾಲದು. ತಿಳಿಸಿದರೆ, ಹಾಗಾದರೆ ತಪ್ಪು ತನ್ನದೆಂದು ಕೊರಗಿಯಾಳು. ತಪ್ಪು ಅವಳದಲ್ಲ. ಹೇಳುವವರು ಸಕಾಲದಲ್ಲಿ ಅವಳ ಬಾಗಿಲಿಗೆ ಬರಲಿಲ್ಲ, ಅಷ್ಟೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗನು. ಓದಿದವರು ಹತ್ತಬೇಕಾದ ಮೆಟ್ಟಿಲುಗಳು ಬೇರೆಯೂ ಇವೆಯೆಂಬುದನ್ನು ಈ ಮಹನೀಯಳ ಜೀವನವು ನನಗೆ ಕಲಿಸಿದೆ.