ಗಾಜಿನ ತೊಟ್ಟಿ ಮಾಡಿಸಿದ ಜೀನ್

ಮಕ್ಕಳೇ, ರಾಮನಗುಳಿಯಿಂದ ಗಂಗಾವಳಿಯ ಗುಂಟ ಹೋದರೆ ಕಡಲು ಸಿಗುತ್ತದೆಯಲ್ಲವೇ? ಅಲ್ಲಿ ಖಾಲಿ ಶಂಖ ಹೊತ್ತು ಓಡುವ ಸನ್ಯಾಸಿ ಏಡಿಯನ್ನು ನೀವು ಕಂಡಿರಬಹುದು. ಆ ಶಂಖ ಅದರದ್ದಲ್ಲ!

ಆರ್ಗೊನಾಟ್ ಎಂಬ ಆಕ್ಟೋಪಸ್‌ನ ತೆಳು ಚಿಪ್ಪೂ ಹೀಗೆ ಬೇರೆ ಪ್ರಾಣಿಯದ್ದೇ ಎಂದು ಹಿಂದೆ ಅನೇಕ ಪಂಡಿತರು ನಂಬಿದ್ದರು. ಅದನ್ನು ಪರೀಕ್ಷಿಸಿ ನೋಡಿದವರು ಬಟ್ಟೆ ಹೊಲಿಯುತ್ತಿದ್ದ ಮಹಿಳೆ, ಜೀನ್ ವಿಲ್‌ಪ್ರೊ ಪವರ್.

1794ರಲ್ಲಿ ಫ್ರಾನ್ಸಿನ ಜುಯಾಕ್‌ನಲ್ಲಿ ಬೂಟು ಹೊಲಿಯುವವರ ಮಗಳಾಗಿ ಹುಟ್ಟಿದ ಜೀನ್, ಪ್ಯಾರಿಸ್‌ಗೆ ಹೋಗಿ ಹೊಲಿಗೆ ಕೆಲಸ ಹಿಡಿದರು. 1818ರಲ್ಲಿ ಮದುವೆಯಾಗಿ ಸಿಸಿಲಿ ದ್ವೀಪದಲ್ಲಿ ನೆಲೆಸಿದರು. ಸತ್ತ ಪ್ರಾಣಿಯನ್ನು ನೋಡಿದರೆ ಏನು ತಿಳಿದೀತು? 1832ರಲ್ಲಿ ಗಾಜಿನ ತೊಟ್ಟಿ ಮಾಡಿಸಿ, ಕಡಲ ನೀರು ತುಂಬಿ, ಜೀವಂತ ಆರ್ಗೊನಾಟ್‌ಗಳನ್ನು ಸಾಕಿದರು. ಮೊಟ್ಟೆಯೊಡೆದು ಬಂದ ಮರಿಗಳಿಗೆ ಚಿಪ್ಪಿರಲಿಲ್ಲ. ದೊಡ್ಡದರ ಚಿಪ್ಪನ್ನು ತುಸು ಮುರಿದರು. ಅದು ತಾನೇ ಸರಿಮಾಡಿಕೊಂಡಿತು. ಚಿಪ್ಪು ಅದರದ್ದೇ!

1838ರಲ್ಲಿ ಅವರ ಸಂಗ್ರಹ ಹೊತ್ತ ಹಡಗು ಮುಳುಗಿತು. ವರ್ಷಗಳ ದುಡಿಮೆ ನೀರುಪಾಲು! ಪುಣ್ಯಕ್ಕೆ ಆರ್ಗೊನಾಟ್ ಕುರಿತ ಬರಹ ಆಗಲೇ ವಿದ್ವಾಂಸರ ಕೈ ಸೇರಿತ್ತು. 1871ರಲ್ಲಿ ಅವರು ಹುಟ್ಟೂರಿನಲ್ಲೇ ತೀರಿಕೊಂಡರು.

ಇಂದು ತರಗತಿಯ ಅಕ್ವೇರಿಯಂನಲ್ಲೂ ಕ್ಲೌನ್ ಮೀನಿನ ಜೋಡಿ ಸಾಕಬಹುದು. ಗಂಡು ಮೀನು ಈಜುರೆಕ್ಕೆ ಬೀಸುತ್ತ ಮೊಟ್ಟೆ ಕಾಯುವುದನ್ನು ಗಾಜಿನ ಈಚೆ ಕೂತೇ ನೋಡಬಹುದು.